ಬಿಳಿ ಮರಿಗೆ ಮೂರು ಭಾಷೆ

ನಮ್ಮ ಚುಕ್ಕಿ ಕುರಿ ಕಾಯುವ ಜಾತಿಯ ನಾಯಿ. ತ್ರಿಪ್ಪುಣಿತ್ತುರದ ಫ್ಲ್ಯಾಟಿನಲ್ಲಿ ಅದಕ್ಕೆ ಕುರಿ ಎಲ್ಲಿಂದ ಬರಬೇಕು? ನನ್ನನ್ನೇ ಕಾಯುತ್ತದೆ. ಬೂದು ಮೈಮೇಲೆ ಕರಿ ಮಸಿ ಚೆಲ್ಲಿದಂಥ ಬಣ್ಣ. ಅದಕ್ಕೆ ಮರ್ಲ್ ಅಂತ ಹೆಸರಂತೆ. ಮೇಲಿನ ಮನೆಯ ಅಶ್ರಫ್ ಅವರ ಗಂಡುನಾಯಿಯದೂ ಅದೇ ಜಾತಿ, ಅದೇ ಬಣ್ಣ. "ನೋಡು ಇಂದೂ, ಎರಡೂ ಒಂದೇ ಥರ ಇವೆ, ಮರಿಗಳು ಇನ್ನೂ ಚೆಂದ ಇರ್ತವೆ" ಎಂದು ನಮ್ಮ ಯಜಮಾನರು ಜೋಡಿ ಮಾಡಿಸಿಯೇಬಿಟ್ಟರು. ಅವರಿಗೇನು, ಸೋಮವಾರ ತಿರುವನಂತಪುರದ ರೈಲು ಹತ್ತಿದರೆ ಅಲ್ಲಿನ ಪಟ್ಟಂ ಆಫೀಸಿನಿಂದ ವಾಪಸಾಗುವುದು ವಾರದ ಕೊನೆಗೆ. ಬಾಣಂತನ ಮಾಡಿದವಳು ನಾನು. ಪಾಲಾರಿವಟ್ಟಂನ ಬ್ಯಾಂಕಿನಿಂದ ಬಂದವಳು ಸೀರೆ ಬದಲಿಸುವ ಮೊದಲೇ ನೆಲ ಒರೆಸಬೇಕು. ಸಾಕಪ್ಪಾ ಸಾಕು ಅನ್ನಿಸಿತ್ತು.

ಹುಟ್ಟಿದ್ದು ನಾಲ್ಕು. ಒಂದು ಕಪ್ಪು, ಎರಡು ತಾಯಿಯಂಥವು, ಒಂದು ಹಾಲುಬಿಳಿ. ಬ್ಯಾಂಕಿನಲ್ಲಿ ನನ್ನ ಪಕ್ಕ ಕೂರುವ ಕಾಸರಗೋಡಿನ ಶಾಂತಾ ಫೋಟೋ ನೋಡಿದ್ದೇ ತಡ, "ನನಗೆ ಬಿಳಿಯದ್ದೇ ಬೇಕು ಮಾರಾಯ್ತಿ" ಎಂದು ಹಟ ಹಿಡಿದಳು.

ಆ ಬಿಳಿ ಮರಿ ಮಾತ್ರ ಕರೆದರೆ ಬರುತ್ತಿರಲಿಲ್ಲ. ಯಜಮಾನರು ಕಾರಣ ಕಂಡುಹಿಡಿದರು. "ನಾನು ಕನ್ನಡದಲ್ಲಿ ಕರೀತೀನಿ, ಪಾವನಾ ಮಲಯಾಳದಲ್ಲಿ, ನೀನು ಇಂಗ್ಲಿಷಲ್ಲಿ. ಪಾಪ, ಅದಾದ್ರೂ ಯಾವುದನ್ನ ಕಲಿಯುತ್ತೆ?" ನಾನೂ ತಲೆಯಾಡಿಸಿದೆ. ನಮ್ಮ ಮಗಳು ಪಾವನಾಗೆ ಮಾತು ತಡವಾಗಿ ಬಂದಾಗಲೂ ಇದನ್ನೇ ಹೇಳಿಕೊಂಡು ಸಮಾಧಾನ ಮಾಡಿಕೊಂಡವರು ನಾವು. ಇನ್ನು ಮೇಲೆ ಮರಿಯೊಂದಿಗೆ ಬರೀ ಕನ್ನಡ ಎಂದು ಮನೆಯಲ್ಲಿ ಕಟ್ಟುನಿಟ್ಟಾಯಿತು. "ಬಾರೋ, ಕೂತ್ಕೋ, ಏಳೋ" ಎಂದು ಗಂಟಲು ಹರಿದುಕೊಂಡದ್ದೇ ಬಂತು.

ಒಂದು ಬೆಳಗ್ಗೆ ಕುಕ್ಕರ್ ಕೂಗಿತು. ಮೂರು ಮರಿಗಳು ಬೆಚ್ಚಿ ಸೋಫಾದಡಿ ನುಗ್ಗಿದವು. ಬಿಳಿಯದು ಒಲೆಕಟ್ಟೆಯ ಕೆಳಗೇ ಹಾಯಾಗಿ ಮಲಗಿತ್ತು. "ಅಮ್ಮೇ, ಅವನು ಚೆವಿ ಕೇಳ್ಕಿಲ್ಲ" ಎಂದಳು ಪಾವನಾ. ಅವನಿಗೆ ಕಿವಿ ಕೇಳಿಸೋದಿಲ್ಲ ಅಂತ. ಅಯ್ಯೋ ದೇವರೇ, ನಮ್ಮ ಬುದ್ಧಿಗಿಷ್ಟು!

ಪಶುವೈದ್ಯೆ ಪ್ರೇಮ ಬೈಯಲಿಲ್ಲ, ಅದೇ ದೊಡ್ಡದು. ಇಂಥ ಬಣ್ಣದ ಎರಡನ್ನು ಯಾವತ್ತೂ ಜೋಡಿ ಮಾಡಬಾರದಂತೆ. ಎರಡೂ ಕಡೆಯಿಂದ ಆ ಗುಣ ಬಂದ ಮರಿ ಬೆಳ್ಳಗೆ ಹುಟ್ಟುತ್ತದೆ, ಎಷ್ಟೋ ಸಲ ಕಿವಿಯೋ ಕಣ್ಣೋ ಹೋಗಿರುತ್ತದೆ ಎಂದರು.

ಭಾನುವಾರ ಶಾಂತಾ ಮರಿ ಒಯ್ಯಲು ಬರುವವಳಿದ್ದಳು. "ಏನೂ ಹೇಳ್ಬೇಡ. ಒಯ್ದ ಮೇಲೆ ಪ್ರೀತಿ ಹುಟ್ಟುತ್ತೆ, ಸಾಕ್ಕೋತಾಳೆ" ಎಂದರು ಯಜಮಾನರು. ನನಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಇನ್ನೊಂದು ಜೀವದ ಚಾಕರಿ ನನ್ನಿಂದಾಗದು. ಆದರೆ ಶಾಂತಾ ಬಂದವಳೇ ಮರಿಯ ಬೆನ್ನ ಹಿಂದೆ ಕೂತು "ಕುಟ್ಟಾ, ಕುಟ್ಟಾ" ಎಂದು ಮುದ್ದಿನಿಂದ ಕರೆಯತೊಡಗಿದಳು. ಅದು ತನ್ನ ಪಾಡಿಗೆ ಚಾಪೆ ಕಚ್ಚುತ್ತಿತ್ತು. ನನಗೆ ನೋಡಲಾಗಲಿಲ್ಲ. ಹೇಳಿಬಿಟ್ಟೆ.

ಅವಳ ಮುಖ ಇಳಿಯಿತು. "ಬೇಸರ ಮಾಡ್ಬೇಡ ಮಾರಾಯ್ತಿ. ಮನೆಯಲ್ಲಿ ಹಗಲಿಡೀ ಯಾರೂ ಇರುವುದಿಲ್ಲ. ಆ ಕಪ್ಪನ್ನು ಕೊಡು" ಎಂದಳು. ಕೊಟ್ಟು ಕಳಿಸಿದೆ.

ಬಾಗಿಲು ಹಾಕಿದ್ದೇ ಯಜಮಾನರು ರೇಗಿದರು. "ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತು ನಿಂಗೆ? ಇನ್ನು ಯಾರಿಗೆ ಬೇಕು ಇದು? ಯಾರಿಗೂ ಬೇಡ!"

ಮರಿ ಅವರ ಪಾದದ ಮೇಲೆಯೇ ತಲೆಯಿಟ್ಟು ಮಲಗಿತ್ತು. ಅಷ್ಟು ಜೋರಾಗಿ ಕೂಗಿದರೂ ಅದಕ್ಕೆ ಎಚ್ಚರವಾಗಲಿಲ್ಲ. ಕೇಳಿಸಿಕೊಂಡವಳು ನಾನು.

"ನನಗೆ ಬೇಕು" ಎಂದೆ.