ಸಫಾರಿಗೆ ಹೊರಟವರು ಅಡುಗೆಭಟ್ಟರನ್ನು ಬಿಟ್ಟು ಹೋದದ್ದು

ದೂರದ ಊರಿಗೆ ಹೊರಟಾಗ ನಮ್ಮವರಿಗೆ ಮೊದಲು ಬರುವ ಚಿಂತೆ ಊಟದ್ದು. ವಿಮಾನದ ಟಿಕೆಟ್ ಆಮೇಲೆ, ಹೋಟೆಲ್ ಆಮೇಲೆ. ಪುಳಿಯೋಗರೆ ಗೊಜ್ಜು ಎಷ್ಟು ಡಬ್ಬಿ ಎನ್ನುವುದು ಮೊದಲು. ಇದರಲ್ಲಿ ತಪ್ಪೇನೂ ಇಲ್ಲ. ಯಾರ ಹೊಟ್ಟೆಗೆ ಏನು ಒಗ್ಗುತ್ತದೆ ಎನ್ನುವುದನ್ನು ದೇವರು ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಇಟ್ಟಿದ್ದಾನೆ. ಆದರೆ ಈ ಚಿಂತೆಯಿಂದಲೇ ನೆದರ್ಲೆಂಡ್ಸ್ ದೇಶದ ವೂರ್‌ಬರ್ಗಿನ ಒಂದು ಸಂಸಾರ ತಿಳಿಯದೆ ಒಂದು ತಪ್ಪಿಗೆ ಕೈಹಾಕಿತ್ತು. ಅದು ಸರಿಹೋದ ಬಗೆಯನ್ನು ಹೇಳುತ್ತೇನೆ, ಕೇಳಿ.

ಅನಂತರಾಮ ಮೈಸೂರಿನವರು, ಹೇಗ್ ನಗರದ ಕಂಪನಿಯೊಂದರಲ್ಲಿ ಕೆಲಸ. ಹೆಂಡತಿ ಚಂದ್ರಪ್ರಭಾ, ಒಬ್ಬಳೇ ಮಗಳು ಹಿತಾ. ಹಿತಾ ಹಸುಗೂಸಾಗಿದ್ದಾಗ ಜ್ವರ ಬಂದು ಆಸೆಯೇ ಬಿಡುವ ಹಾಗಾಗಿತ್ತು. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಚಂದ್ರಪ್ರಭಾ ನಂಜುಂಡೇಶ್ವರನಿಗೆ ಮಾತು ಕೊಟ್ಟರು: ಮಗು ಉಳಿದರೆ, ಮಾಂಸ ಬೇಯುವ ಒಲೆಯಲ್ಲಿ ಬೆಂದದ್ದನ್ನು ಜೀವ ಇರುವವರೆಗೂ ಬಾಯಿಗಿಡುವುದಿಲ್ಲ. ಮಗು ಉಳಿಯಿತು, ಮಾತೂ ಉಳಿಯಿತು. ಈ ದೇಶದಲ್ಲಿ ಆ ಮಾತು ನಡೆಸುವುದು ಸುಲಭವಲ್ಲ. ಸ್ಟೇಷನ್ನಿನಲ್ಲಿ ಮಗಳು ಬಿಸಿಬಿಸಿ ಪಟಾಟ್, ಅಂದರೆ ಕರಿದ ಆಲೂಗಡ್ಡೆ, ತಿನ್ನುವಾಗ ತಾಯಿ ಪಕ್ಕದಲ್ಲಿ ನಿಂತು ಬಾಳೆಹಣ್ಣು ಸುಲಿಯುತ್ತಿದ್ದರು. ಒಂದು ದಿನವೂ ಬೇಸರಪಟ್ಟವರಲ್ಲ.

ಹಿತಾಗೆ ಕಾಡಾನೆ ನೋಡುವ ಆಸೆ. ಮೇ ತಿಂಗಳ ರಜೆಗೆ ಕೀನ್ಯಾ ದೇಶದ ಸಫಾರಿಗೆ ಹೋಗುವುದೆಂದು ನಾಲ್ಕು ಮನೆಯವರು ಸೇರಿ ನಿಶ್ಚಯಿಸಿದರು. ಚಂದ್ರಪ್ರಭಾ ಅವರ ವ್ರತದ ದೆಸೆಯಿಂದ ಅನಂತರಾಮರು ಹುಡುಕಿ ಹುಡುಕಿ ಒಂದು ಕ್ಯಾಂಪ್ ಹಿಡಿದಿದ್ದರು. ಸುತ್ತ ಬೇಲಿ, ರಾಜಧಾನಿಯಿಂದಲೇ ಬರುವ ಜೀಪು, ಅಡುಗೆಯವರನ್ನು ನಾವೇ ಕರೆದೊಯ್ಯಬಹುದು. ಹಾರ್ಲೆಮ್‌ನಲ್ಲಿ ನಮ್ಮ ಹಬ್ಬಗಳಿಗೆಲ್ಲ ಅಡುಗೆ ಮಾಡುವ ತ್ಯಾಗರಾಜ ಭಟ್ಟರು ಬರಲು ಒಪ್ಪಿದ್ದರು. ಅಕ್ಕಿ, ಬೇಳೆ, ಕುಕ್ಕರು, ಎಲ್ಲ ಇಲ್ಲಿಂದಲೇ. ಭಾನುವಾರ ಮುಂಗಡ ಕಟ್ಟುವುದೊಂದು ಬಾಕಿ.

ಶನಿವಾರ ಅವರ ಮನೆಯಲ್ಲಿ ಭಜನೆ ಇತ್ತು. ಟಿಲ್‌ಬರ್ಗಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ನಿಖಿತಾಳೂ ಬಂದಿದ್ದಳು. ಪ್ರವಾಸಿಗರ ದುಡ್ಡು ಕೊನೆಗೆ ಯಾರ ಕೈ ಸೇರುತ್ತದೆ ಎನ್ನುವುದೇ ಅವಳು ಓದುತ್ತಿರುವ ವಿಷಯ. ಮಂಗಳಾರತಿ ಮುಗಿದು ಕೋಸಂಬರಿ ತಿನ್ನುವಾಗ ಸಫಾರಿಯ ಸುದ್ದಿ ಬಂತು. ಆ ಕ್ಯಾಂಪ್ ಇರುವ ಜಾಗ ಯಾರದ್ದು, ಕೆಲಸಕ್ಕಿರುವವರು ಯಾವ ಊರಿನವರು, ಅಕ್ಕಪಕ್ಕದ ಹಳ್ಳಿಗೆ ಅದರಿಂದ ಏನು ಸಿಗುತ್ತದೆ ಎಂದು ಅವಳು ಕೇಳಿದಳು. ಅನಂತರಾಮರಿಗೆ ಒಂದೂ ಗೊತ್ತಿರಲಿಲ್ಲ.

"ನಾವು ಹೋಗ್ತಿರೋದು ಆನೆ ನೋಡೋಕಮ್ಮ, ಆಡಿಟ್ ಮಾಡೋಕಲ್ಲ. ಪಾರ್ಕ್ ಫೀಸ್ ಕಟ್ತೀವಲ್ಲ, ಸಾಲ್ದಾ?" ಎಂದರು ನಗುತ್ತ.

ನಿಖಿತಾ ನಗಲಿಲ್ಲ. ಅವಳ ಊರು ಗುಂಡ್ಲುಪೇಟೆಯ ಕಡೆ, ಕಾಡಿನ ಅಂಚಿನಲ್ಲಿ. ಹೊಲದ ಪಕ್ಕದಲ್ಲೇ ಒಂದು ರೆಸಾರ್ಟ್ ಎದ್ದಿತ್ತಂತೆ.

"ಸರ್, ಆನೆ ನಮ್ಮ ಜೋಳ ತಿಂದು ಹೋಗ್ತಿತ್ತು. ರೆಸಾರ್ಟಿಗೆ ಬಂದೋರು ಅದೇ ಆನೆ ಫೋಟೋ ತಕ್ಕೊಂಡು ಹೋಗ್ತಿದ್ರು. ತರಕಾರಿ ಸಿಟಿಯಿಂದ, ಅಡುಗೆಯವ್ರು ಸಿಟಿಯಿಂದ, ಬೆಡ್‌ಶೀಟ್ ಒಗೆಯೋದೂ ಸಿಟಿಲೇ. ನಮ್ಮೂರಿಗೆ ಸಿಕ್ಕಿದ್ದು ಜೀಪಿನ ಧೂಳು. ಆನೆ ಉಳೀಬೇಕು ಅಂತ ನಮ್ಮಪ್ಪಂಗೆ ಯಾಕೆ ಅನ್ನಿಸ್ಬೇಕು, ನೀವೇ ಹೇಳಿ."

ಚಂದ್ರಪ್ರಭಾ ಅವರ ಮುಖ ಸಣ್ಣದಾಯಿತು. ಅಡುಗೆಯವರನ್ನು ಕರೆದೊಯ್ಯುತ್ತಿರುವುದು ತಮ್ಮ ಸಲುವಾಗಿ ತಾನೆ.

"ಹಾಗಾದ್ರೆ ನಾನು ವ್ರತ ಬಿಡ್ಬೇಕು ಅಂತೀಯಾ?"

"ಖಂಡಿತ ಇಲ್ಲ ಅಕ್ಕ. ಬೇರೆ ದಾರಿ ಇದ್ಯಾ ಅಂತ ಕೇಳೋಣ ಅಂದೆ."

ಅನಂತರಾಮರು ಹೆಂಡತಿಯನ್ನು ಛೇಡಿಸಿದರು: "ಒಂದು ವಾರ ಬಾಳೆಹಣ್ಣು ತಿಂದ್ಕೊಂಡಿರು. ಆನೆಗೆ ಜೊತೆ ಆಗತ್ತೆ."

ಹಾಗಿದ್ದರೆ ತಾವು ಮನೆಯಲ್ಲೇ ಉಳಿಯುವುದಾಗಿ ಚಂದ್ರಪ್ರಭಾ ಮೆಲ್ಲಗೆ ಹೇಳಿದರು. ಅಮ್ಮ ಬಾರದಿದ್ದರೆ ತಾನೂ ಹೋಗುವುದಿಲ್ಲವೆಂದು ಹಿತಾ ಡಚ್ಚಿನಲ್ಲಿ ಖಡಾಖಂಡಿತ ಹೇಳಿಬಿಟ್ಟಳು. ದೇವರಿಗೆ ಕೊಟ್ಟ ಮಾತು ಒಂದು ಕಡೆ, ಮಗಳ ಆಸೆ ಒಂದು ಕಡೆ. ಈಗ ಕಾಣದ ಊರಿನವರ ಪಾಲು ಎನ್ನುವುದೂ ಬಂದು ಸೇರಿತು.

ಆಗ ನಿಖಿತಾ ವಿವರಿಸಿದಳು. ಕೀನ್ಯಾದಲ್ಲಿ ಕೆಲವು ಕಡೆ ಊರಿನ ಸಂಸಾರಗಳೇ ತಮ್ಮ ಹುಲ್ಲುಗಾವಲನ್ನು ಒಟ್ಟು ಸೇರಿಸಿ ಕಾಡುಪ್ರಾಣಿಗಳಿಗೆ ಬಿಟ್ಟುಕೊಟ್ಟಿವೆ. ಅಲ್ಲಿ ಲಾಡ್ಜ್ ನಡೆಸುವವರು ಆ ಸಂಸಾರಗಳಿಗೆ ಬಾಡಿಗೆ ಕೊಡುತ್ತಾರೆ. ಕೆಲಸ ಊರಿನವರಿಗೆ. ಸ್ವಲ್ಪ ಪಾಲು ಶಾಲೆಗೆ, ದವಾಖಾನೆಗೆ, ನೀರಿಗೆ. ಅಂಥ ಒಂದು ಲಾಡ್ಜಿನ ಪರಿಚಯ ಅವಳಿಗಿತ್ತು.

ಅನಂತರಾಮರಿಗೆ ನಂಬಿಕೆ ಬರಲಿಲ್ಲ. ವೆಬ್‌ಸೈಟಿನಲ್ಲಿ ಹಸಿರು ಎಲೆಯ ಚಿತ್ರ ಹಾಕಿ 'ಕಮ್ಯುನಿಟಿ' ಎಂದು ಬರೆಯುವುದು ಯಾರಿಗೆ ಬರುವುದಿಲ್ಲ ಎಂದರು. ಆ ಸಂಜೆಯೇ ತಾವು ಆರಿಸಿದ್ದ ಕ್ಯಾಂಪಿಗೆ ನಿಖಿತಾಳ ಪ್ರಶ್ನೆಗಳನ್ನೇ ಬರೆದು ಕಳಿಸಿದರು. ನಿಸರ್ಗವನ್ನೂ ಜನರನ್ನೂ ಪ್ರೀತಿಸುತ್ತೇವೆ ಎಂದು ಉತ್ತರ ಬಂತು. ಜಾಗ ಯಾರದ್ದೆಂದು ಬರಲಿಲ್ಲ.

ಭಾನುವಾರ ಬೆಳಿಗ್ಗೆ ನಿಖಿತಾ ಹೇಳಿದ ಲಾಡ್ಜಿಗೆ ವಿಡಿಯೊ ಕರೆ ಮಾಡಿದರು. ತೆರೆಯ ಮೇಲೆ ಬಂದವರು ಅಲ್ಲಿಯ ಅಡುಗೆಮನೆಯ ಮುಖ್ಯಸ್ಥೆ, ನಾಸೇರಿಯನ್ ಎಂಬ ಮಾಸಾಯಿ ಜನಾಂಗದ ಹೆಂಗಸು. ಅನಂತರಾಮರು ಕೇಳಿದ್ದಕ್ಕೆಲ್ಲ ಅವರ ಉತ್ತರ ಹೆಸರು ಹಿಡಿದೇ ಬಂತು. ಜಾಗದಲ್ಲಿ ತನ್ನ ಮಾವನ ಪಾಲೂ ಇದೆ. ಅತಿಥಿಗಳು ಬರಲಿ ಬಿಡಲಿ, ಬಾಡಿಗೆ ತಿಂಗಳು ತಿಂಗಳು ಬರುತ್ತದೆ. ಜೀಪು ಓಡಿಸುವವನು ತನ್ನ ತಮ್ಮ. ಎಲ್ಲ ಚೆನ್ನಾಗಿದೆಯೇ ಎಂದು ಕೇಳಿದರೆ, ಇಲ್ಲ ಎಂದರು. ಕಳೆದ ತಿಂಗಳು ಸಿಂಹ ತನ್ನ ಮೇಕೆಗಳನ್ನು ಹೊತ್ತೊಯ್ದಿತು, ಪರಿಹಾರ ಇನ್ನೂ ಬಂದಿಲ್ಲ. ಮಳೆ ಕೈಕೊಟ್ಟ ವರ್ಷ ಮೇವಿಗೆ ಜಗಳವೂ ಆಗುತ್ತದೆ. ಬಾಡಿಗೆ ಇಲ್ಲದ ಕಾಲದಲ್ಲಾಗಿದ್ದರೆ ಆ ಸಿಂಹವನ್ನು ಊರಿನವರು ಜೀವಸಹಿತ ಬಿಡುತ್ತಿರಲಿಲ್ಲ ಎಂದೂ ಹೇಳಿದರು.

ಅನಂತರಾಮರು ಕಾಫಿ ಲೋಟ ಕೆಳಗಿಟ್ಟರು. "ಮಾರೋಕೆ ಕೂತೋರು ಹೀಗೆ ಮಾತಾಡಲ್ಲ," ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದರು.

ಚಂದ್ರಪ್ರಭಾ ಸಂಕೋಚದಿಂದ ತಮ್ಮ ವ್ರತದ ಮಾತು ತೆಗೆದರು. ನಾಸೇರಿಯನ್ ನಗಲಿಲ್ಲ. ತನ್ನ ಅಜ್ಜಿ ಹಾಲು ಕುಡಿದ ದಿನ ಮಾಂಸ ಮುಟ್ಟುತ್ತಿರಲಿಲ್ಲ, ನಿಯಮ ಎಂದರೆ ಏನೆಂದು ತನಗೆ ಗೊತ್ತು ಎಂದರು. ಮತ್ತೆ ಹೇಳಿದರು:

"ನಿಮ್ಮ ಪಾತ್ರೆ ನೀವು ತನ್ನಿ. ನಾನು ಹೊರಗಡೆ ಹೊಸದಾಗಿ ಮೂರು ಕಲ್ಲು ಇಟ್ಟು ಒಲೆ ಹೂಡ್ತೀನಿ. ಕಾಳು, ಸೊಪ್ಪು, ಮುಸುಕಿನ ಜೋಳದ ಹಿಟ್ಟು ನಮ್ಮೂರ ಹೆಂಗಸರ ಹತ್ರ ಇದೆ. ಆ ಒಲೆ ಮೇಲೆ ನಿಮ್ಮ ಅಡುಗೆ ಬಿಟ್ಟು ಬೇರೇನೂ ಬೇಯಲ್ಲ."

ಕರೆ ಮುಗಿದ ಮೇಲೆ ಚಂದ್ರಪ್ರಭಾ ದೇವರ ಮುಂದೆ ಸ್ವಲ್ಪ ಹೊತ್ತು ಕೂತರು. ಎದ್ದು ಬಂದು ಗಂಡನಿಗೆ ಹೇಳಿದರು:

"ನೋಡಿ, ಒಬ್ಬರ ಮನೆಗೆ ಹೋಗಿ, ನಾವು ಕಟ್ಟಿಕೊಂಡು ಹೋದದ್ದನ್ನೇ ತಿಂದು, ಕೈ ತೊಳ್ಕೊಂಡು ಬಂದ್ರೆ ಆ ಮನೆಯೋರಿಗೆ ಹೇಗಾಗತ್ತೆ? ನಾನು ದೇವರಿಗೆ ಮಾತು ಕೊಟ್ಟಿದ್ದು ಒಲೆ ವಿಚಾರದಲ್ಲಿ. ಅವರ ಊರಿನ ಸೊಪ್ಪು ಮುಟ್ಟಲ್ಲ ಅಂತ ಕೊಟ್ಟಿರಲಿಲ್ಲ."

ಉಳಿದ ಮೂರು ಮನೆಯವರೂ ಒಪ್ಪಿ, ಮುಂಗಡ ಆ ಲಾಡ್ಜಿಗೇ ಹೋಯಿತು. ತ್ಯಾಗರಾಜ ಭಟ್ಟರಿಗೆ ಹೇಗೆ ಹೇಳುವುದೋ ಎಂಬ ಅಳುಕು ಅನಂತರಾಮರಿಗಿತ್ತು. ಫೋನಿನಲ್ಲಿ ಭಟ್ಟರು ನಿಟ್ಟುಸಿರು ಬಿಟ್ಟರು. "ಒಳ್ಳೇದಾಯ್ತು ಬಿಡಿ ಸ್ವಾಮಿ. ಸಿಂಹ ವಾಸನೆ ಹಿಡ್ಕೊಂಡು ಬಂದ್ರೆ ಒಗ್ಗರಣೆ ಸೌಟು ತೋರ್ಸೋದಾ ಅಂತ ನನ್ನಾಕೆ ದಿನಾ ಕೇಳ್ತಿದ್ಲು."

ಮೇ ತಿಂಗಳಲ್ಲಿ ಹೋದರು. ಹೇಳಿದ ಹಾಗೆಯೇ ಮೂರು ಕಲ್ಲಿನ ಒಲೆ ಕಾದಿತ್ತು. ಚಂದ್ರಪ್ರಭಾ ಸ್ನಾನ ಮಾಡಿ, ಕಲ್ಲಿಗೆ ನೀರು ಚಿಮುಕಿಸಿ, ಊರಿನ ಸೊಪ್ಪು ಕಾಳು ಹಾಕಿ ಹುಳಿ ಮಾಡಿದರು. ಜೋಳದ ಹಿಟ್ಟನ್ನು ತಿರುವುವ ಬಗೆಯನ್ನು ನಾಸೇರಿಯನ್ ಪಕ್ಕದಲ್ಲಿ ನಿಂತು ತೋರಿಸಿದರು. ಇಳಿಸಿದರೆ ನಮ್ಮ ಮುದ್ದೆಯೇ. ನಾಲ್ಕು ಮನೆಯವರೂ ಅದನ್ನೇ ಉಂಡರು. ಹುಳಿಯ ರುಚಿ ನೋಡಿದ ನಾಸೇರಿಯನ್ ಮಾತ್ರ ಒಂದು ಕಣ್ಣು ಮುಚ್ಚಿ, ಇಷ್ಟು ಖಾರ ತಿನ್ನುವವರಿಗೆ ಸಿಂಹದ ಭಯ ಯಾಕೆ ಎಂದರು.

ಮರುದಿನ ಬೆಳಿಗ್ಗೆ ನೀರಿನ ಹೊಂಡದ ಹತ್ತಿರ ಆನೆಗಳು ಬಂದವು. ತಾಯಿಯ ಕಾಲ ಸಂದಿಯಲ್ಲಿ ಒಂದು ಮರಿ. ಹಿತಾ ಅಮ್ಮನ ಕೈ ಹಿಡಿದು ಉಸಿರು ಬಿಗಿಹಿಡಿದಿದ್ದಳು. ಹೊಂಡದ ಆಚೆ ಒಬ್ಬ ಹೆಂಗಸು ಆನೆಗಳಿಗೆ ದಾರಿ ಬಿಟ್ಟು ತನ್ನ ಮೇಕೆಗಳನ್ನು ದೂರ ಹೊಡೆದುಕೊಂಡು ನಿಂತಿದ್ದಳು. ಆನೆ ಕುಡಿದು ಹೋದ ಮೇಲೆಯೇ ಅವಳ ಮೇಕೆಗಳ ಸರದಿ. ಚಂದ್ರಪ್ರಭಾ ಗಣಪತಿಯೆಂದು ಆನೆಗಳಿಗೆ ಕೈ ಮುಗಿದರು. ಆಮೇಲೆ, ಕಾಯುತ್ತಿದ್ದ ಆ ಹೆಂಗಸಿನ ಕಡೆಗೂ ತಿರುಗಿ ಮುಗಿದರು.

ಓದುವ ಬಂಧುಗಳೇ, ನೀವೂ ಒಂದು ದಿನ ಆಫ್ರಿಕಾದ ಕಾಡು ನೋಡಲು ಹೊರಡುತ್ತೀರಿ. ಖಂಡಿತ ಹೋಗಿ, ದೇವರ ಸೃಷ್ಟಿಯನ್ನು ಕಣ್ತುಂಬ ನೋಡಿ. ಮುಂಗಡ ಕಟ್ಟುವ ಮೊದಲು ಲಾಡ್ಜಿನವರನ್ನು ಕೇಳಿ: ಜಾಗ ಯಾರದ್ದು, ಕೆಲಸ ಯಾರಿಗೆ, ಊರಿಗೆ ಬರುವ ಪಾಲೆಷ್ಟು, ಅದನ್ನು ಹಂಚುವವರು ಯಾರು. ಚಂದದ ಮಾತು ಬಂದರೆ ಸಾಲದು, ಹೆಸರು ಬರಬೇಕು. ನಿಮ್ಮ ಊಟದ ನಿಯಮವನ್ನು ನಾಚಿಕೆಪಡದೆ ಮೊದಲೇ ಹೇಳಿ, ಮಾಡಿಕೊಡುವವರು ಇದ್ದಾರೆ. ಅಲ್ಲಿ ಬೆಳೆದದ್ದನ್ನು ಕೊಳ್ಳಿ, ಅಲ್ಲಿಯವರನ್ನೇ ದಾರಿ ತೋರಿಸಲು ಕರೆಯಿರಿ. ನೀವು ನೋಡಲಿರುವ ಆನೆ ಯಾರದೋ ಹೊಲದ ಪಕ್ಕದಲ್ಲಿ ಬೆಳೆದದ್ದು. ಆ ಹೊಲದವರಿಗೆ ನಿಮ್ಮ ಪ್ರವಾಸದಲ್ಲಿ ಒಂದು ಪಾಲಿರಲಿ.