ಸವರಿದ ಸೇರು, ಗೋಪುರದ ಸೇರು

ನಾನು ಒಂದು ಹೈಬ್ರಿಡ್ ಕಾರು. ನನ್ನ ಹುಟ್ಟಿನ ಬಗ್ಗೆ ಹೇಳುವುದೆಲ್ಲ ಕೇಳಿದ್ದು, ಉಳಿದದ್ದು ಕಂಡದ್ದು. ಕಾರ್ಖಾನೆಯಲ್ಲಿ ನನ್ನೊಳಗೆ ಎರಡು ಜೀವ ಕೂಡಿಸಿದರಂತೆ: ಪೆಟ್ರೋಲ್ ಕುಡಿಯುವ ಎಂಜಿನ್ ಒಂದು, ಬ್ಯಾಟರಿಯ ಬಲದಿಂದ ತಿರುಗುವ ಮೋಟಾರ್ ಇನ್ನೊಂದು. ಬ್ರೇಕ್ ಒತ್ತಿದಾಗ ವ್ಯರ್ಥವಾಗಿ ಹೋಗುವ ಬಲವನ್ನು ಕೂಡಿಟ್ಟು ಮತ್ತೆ ಬಳಸುವುದು ನನ್ನ ಗುಣ. ಎಷ್ಟು ಕುಡಿದೆ, ಎಷ್ಟು ನಡೆದೆ ಎಂಬುದನ್ನು ಎದುರಿನ ಪರದೆಯ ಮೇಲೆ ನಾನೇ ತೋರಿಸುತ್ತೇನೆ. ತೋರಿಸಿದ್ದನ್ನು ಜನ ನಂಬುತ್ತಾರೆಂದೇ ತಿಳಿದಿದ್ದೆ.

ಹುಬ್ಬಳ್ಳಿಯ ಗುರುಪಾದಪ್ಪನವರ ಮನೆಗೆ ಬಂದೆ. ಊರೂರಿನ ಅಂಗಡಿಗಳ ತಕ್ಕಡಿ, ಸೇರು, ಲೀಟರುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ನೌಕರಿಯಿಂದ ಅವರು ನಿವೃತ್ತರಾಗಿದ್ದರು. ತೂಕದಲ್ಲಿ ಮೋಸ ಮಾಡಿದ ಸ್ವಂತ ಅಣ್ಣನ ಅಂಗಡಿಗೇ ದಂಡ ಹಾಕಿದವರು; ಅಂದಿನಿಂದ ಅಣ್ಣನ ಹೊಸ್ತಿಲು ತುಳಿದವರಲ್ಲ. ಅಳತೆ ಸರಿಯೆನಿಸಿದರೆ ವಸ್ತುವನ್ನು ಹೆಬ್ಬೆರಳಿನಿಂದ ಒಮ್ಮೆ ಗಟ್ಟಿಯಾಗಿ ಒತ್ತುವುದು, ಮುದ್ರೆ ಆಮೇಲೆ. ಇದು ಅವರ ರೂಢಿ. ನನ್ನ ಪೂಜೆಯ ದಿನ ಎಲ್ಲರೂ ಬಾನೆಟ್ಟಿಗೆ ಕುಂಕುಮ ಹಚ್ಚಿದರು. ಅವರು ಮಾತ್ರ ಕೈ ಹಿಂದೆ ಕಟ್ಟಿಕೊಂಡು, "ಮೊದಲ ಅಳತಿ ಆಗ್ಲಿ" ಎಂದರು.

ನನ್ನನ್ನು ಆರಿಸಿದವಳು ಅವರ ಮಗಳು ದಾಕ್ಷಾಯಿಣಿ, ದನದ ಡಾಕ್ಟರು. ಹಳ್ಳಿಹಳ್ಳಿಗೆ ನನ್ನನ್ನು ಓಡಿಸುತ್ತಿದ್ದಳು. ಕುಂದಗೋಳದ ಹತ್ತಿರ ಒಂದು ಎಮ್ಮೆ ನನ್ನ ಹಿಂಬಾಗಿಲನ್ನು ಕೊಂಬಿನಿಂದ ಗೀರಿದಾಗ, ಎಮ್ಮೆಗೆ ಬೈಯದೆ ನನ್ನನ್ನು ಸವರಿ, "ನೋವಾತೇನೋ?" ಎಂದು ಕೇಳಿದವಳು. ಅವಳ ಕೈಯನ್ನು ನಾನು ನಂಬಿದೆ.

ಪರದೆಯ ಮೇಲೆ ನಾನು ಲೀಟರಿಗೆ ಇಪ್ಪತ್ತನಾಲ್ಕು ಕಿಲೋಮೀಟರ್ ತೋರಿಸುತ್ತಿದ್ದೆ. ಗುರುಪಾದಪ್ಪನವರಿಗೆ ಅದು ನಂಬಿಕೆಯಾಗಲಿಲ್ಲ. ಟ್ಯಾಂಕ್ ಬಾಯಿಮಟ ತುಂಬಿಸಿ, ಹೊಸಪೇಟೆಗೆ ಹೋಗಿಬಂದು, ಅದೇ ಪಂಪಿನಲ್ಲಿ ಮತ್ತೆ ಬಾಯಿಮಟ ತುಂಬಿಸಿದರೆ, ಎರಡನೆಯ ಸಲ ಹಿಡಿದಷ್ಟೇ ನಾನು ಕುಡಿದದ್ದು. ಪರದೆಯ ಮಾತು ಟ್ಯಾಂಕಿನ ಮಾತಿಗೆ ಹೊಂದದಿದ್ದರೆ ನನ್ನನ್ನು ಮಾರಿಬಿಡುವುದೆಂದು ಅವರು ಸಾರಿದರು. ಪೆಟ್ರೋಲ್ ಬಿಡುವ ಪಿಸ್ತೂಲು ತಾನಾಗಿ 'ಟಕ್' ಎಂದು ನಿಂತ ಮೇಲೂ ಗಾಡಿ ಅಲ್ಲಾಡಿಸಿ, ಗಾಳಿ ಹೊರಗೆ ಬಿಟ್ಟು, ಹಿಡಿಯುವಷ್ಟು ತುಂಬಿಸಬೇಕೆಂದು ಮಗಳಿಗೆ ಎರಡೆರಡು ಸಲ ಹೇಳಿ ಕಳಿಸಿದರು.

ಹೊರಡುವ ಹಿಂದಿನ ಸಂಜೆ ಪಂಪಿನಲ್ಲಿ ಗದ್ದಲ. ಮೊದಲ 'ಟಕ್' ಆದಾಗ ಪಂಪಿನವನು ಕೇಳಿದ: "ಅಲ್ಲಾಡಿಸಿ ತುಂಬಸ್ಲೇನ್ರಿ, ಅಕ್ಕಾರ?"

ಹಿಂದೆ ಹಾರ್ನುಗಳು ಕೂಗುತ್ತಿದ್ದವು. "ಸಾಕ್ರಿ, ಬಿಡ್ರಿ," ಎಂದಳು ದಾಕ್ಷಾಯಿಣಿ. ಮನೆಯಲ್ಲಿ, ಬಾಯಿಮಟ ತುಂಬಿಸಿದೆನೆಂದು ತಂದೆಗೆ ಹೇಳಿದಳು. ಅಷ್ಟು ಸಣ್ಣ ಮಾತು.

ಮರುದಿನ ಹೊಸಪೇಟೆಯ ದಾರಿಯಲ್ಲಿ ಗುರುಪಾದಪ್ಪನವರು ಒಂದು ಕಥೆ ಹೇಳಿದರು. ನಾನು ಅದನ್ನು ಅವರ ಬಾಯಲ್ಲಿ ಹಲವು ಸಲ ಕೇಳಿದ್ದೇನೆ. ಒಮ್ಮೊಮ್ಮೆ ಅದರಲ್ಲಿ ಸಾಹುಕಾರ ಬರುತ್ತಾನೆ, ಒಮ್ಮೊಮ್ಮೆ ಮುದುಕಿ. ಅಂದು ಮುದುಕಿ ಬಂದಳು. ಜೋಳ ಕೊಡುವಾಗ ಸೇರಿನ ಬಾಯನ್ನು ಕೈಯಿಂದ ಸವರಿ ಕೊಡುತ್ತಿದ್ದಳು. ತಿರುಗಿ ಪಡೆಯುವಾಗ ಗೋಪುರ ಕಟ್ಟಿ ಅಳೆಯುತ್ತಿದ್ದಳು. ಹಾಗೆ ಅಳೆದಾಗ ಕಡಿಮೆ ಬಿತ್ತು; ನೆರೆಯವಳು ಜೋಳ ಕದ್ದಳೆಂದು ಮುದುಕಿ ಚಾವಡಿಗೆ ದೂರು ಒಯ್ದಳು. ಹಿರಿಯರು ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಸೇರೇ ಮಾತಾಡಿತು: ಕೊಟ್ಟಾಗ ನಾನು ಬೋಳು, ಪಡೆದಾಗ ಗೋಪುರ, ಕಳ್ಳತನ ನಡುವೆ ಇಲ್ಲ, ಅಳತೆಯಲ್ಲಿದೆ.

"ಸವರಿದ್ರೂ ಸೈ, ಗೋಪುರಾದ್ರೂ ಸೈ ಯವ್ವಾ. ಎರಡೂ ಸಲ ಒಂದ ನಮೂನಿ ಇರಬೇಕು ನೋಡು," ಎಂದರು.

ಸ್ಟಿಯರಿಂಗ್ ಹಿಡಿದಿದ್ದ ದಾಕ್ಷಾಯಿಣಿ ಮುಂದಿನ ಲಾರಿಯನ್ನು ಹಿಂದೆ ಹಾಕಿದಳು. ಆಗಲೇ ನಿಜ ಹೇಳುತ್ತಾಳೆಂದು ನಾನು ಕಾದೆ. ಗದಗ ದಾಟಿತು, ಕೊಪ್ಪಳ ದಾಟಿತು.

ಮುನ್ನೂರು ಕಿಲೋಮೀಟರ್ ನಡೆದು ಹಿಂತಿರುಗಿದೆವು. ನಾನು ಕುಡಿದದ್ದು ಹನ್ನೆರಡೂವರೆ ಲೀಟರ್. ಇದು ಕೇಳಿದ್ದಲ್ಲ, ನನ್ನ ಹೊಟ್ಟೆಯ ಅನುಭವ. ಪಂಪಿನಲ್ಲಿ ಈ ಸಲ ಗುರುಪಾದಪ್ಪನವರೇ ನಿಂತರು. ಇಬ್ಬರು ನನ್ನನ್ನು ತೊಟ್ಟಿಲಿನಂತೆ ತೂಗಿದರು. ಮದುವೆಯ ಪಂಕ್ತಿಯಲ್ಲಿ ಬೇಡವೆಂದರೂ ಇನ್ನೊಂದು ಹೋಳಿಗೆ ಬಡಿಸುವಂತೆ, ತುಂಬಿದ ಮೇಲೂ ತುಂಬಿಸಿದರು. ಮೀಟರು ಹದಿನಾರು ಲೀಟರಿಗೆ ನಿಂತಿತು. ಹಿಂದಿನ ಸಂಜೆ ಖಾಲಿ ಬಿಟ್ಟ ಜಾಗವೂ ನನ್ನ ಲೆಕ್ಕಕ್ಕೇ ಸೇರಿತು.

"ಪರದ್ಯಾಗ ಇಪ್ಪತ್ನಾಕು. ಟ್ಯಾಂಕ್ ನೋಡಿದ್ರ ಹತ್ತೊಂಬತ್ತೂ ಇಲ್ಲ," ಎಂದರು ಗುರುಪಾದಪ್ಪನವರು. ಆಮೇಲೆ ಮಗಳ ಕಡೆ ತಿರುಗಿದರು. "ನಿನ್ನೆ ನೀ ಹಿಂಗ ತುಂಬಿಸಿದ್ದೆಲ್ಲ?"

ಅವಳು ನನ್ನನ್ನು ನೋಡಲಿಲ್ಲ. "ಹಿಂಗ ತುಂಬಿಸಿದ್ದೆ, ಅಪ್ಪಾ."

ದೊಡ್ಡಪ್ಪನ ಗತಿಯನ್ನು ಕಂಡು ಬೆಳೆದವಳು. ಅವಳ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೆ ಆ ಮನೆಯಲ್ಲಿ ಯಾರಾದರೊಬ್ಬರು ಸುಳ್ಳರಾಗಲೇಬೇಕಿತ್ತು. ಅವಳು ನನ್ನನ್ನು ಆರಿಸಿದಳು. ಎರಡನೆಯ ಸಲ ಆರಿಸಿದಳು.

ಮಾರುವ ದಿನ ಕನ್ನಡಿಗೆ ಕಟ್ಟಿದ್ದ ಗೆಜ್ಜೆಯನ್ನು ಬಿಚ್ಚಿಕೊಂಡಳು. ಅತ್ತಳು ಕೂಡ. ಆ ಕಣ್ಣೀರನ್ನು ಯಾವ ಅಳತೆಯಲ್ಲಿ ಅಳೆಯಬೇಕೋ ನನಗೆ ತಿಳಿಯಲಿಲ್ಲ.

ಕೊಂಡವನು ಮೌಲಾಸಾಬ. ಹಳದಿ ಬೋರ್ಡ್ ಹಾಕಿ ನನ್ನನ್ನು ಬಾಡಿಗೆಗೆ ಓಡಿಸಿದ. ಪ್ರತಿಸಲ ಮೊದಲ 'ಟಕ್'ಗೇ ನಿಲ್ಲಿಸುವನು. ಅದೇ ಪಂಪು, ಅದೇ ಸಮತಟ್ಟು ಜಾಗ. ವರ್ಷಗಳು ಕಳೆದವು. ಒಂದು ಮಧ್ಯಾಹ್ನ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಕೋಲೂರಿದ ಮುದುಕರೊಬ್ಬರು, ಜೊತೆಗೆ ಮಗಳು, ನನ್ನನ್ನು ಹತ್ತಿದರು. ಹಿಂಬಾಗಿಲು ತೆರೆಯುವಾಗ ಎಮ್ಮೆಯ ಗೀರಿನ ಮೇಲೆ ಅವಳ ಕೈ ನಿಂತಿತು.

ಗುರುಪಾದಪ್ಪನವರಿಗೆ ಹಳೆಯ ಚಟ. ಇದು ಎಷ್ಟು ಕೊಡುತ್ತದೆಂದು ಕೇಳಿದರು.

"ಇಪ್ಪತ್ನಾಕರಿ, ಸರ."

"ಪರದಿ ಹೇಳೂದು ಬಿಡಪಾ."

"ಟ್ಯಾಂಕ್ ತುಂಬಿಸಿ ನೋಡೇ ಹೇಳಾಕತ್ತೀನ್ರಿ. ಇದಕ್ಕ ಸುಳ್ಳು ಹೇಳಾಕ ಬರಂಗಿಲ್ರಿ."

ಗುರುಪಾದಪ್ಪನವರ ಕಣ್ಣು, ಹತ್ತುವಾಗ ಗೀರು ಕಂಡಿದ್ದ ಬಾಗಿಲ ಮೇಲೆ ಹೋಯಿತು. ಅಲ್ಲಿಂದ ಮಗಳ ಮುಖಕ್ಕೆ. "ಅವತ್ತ ನೀ ಪೂರ್ತಿ ತುಂಬಿಸಿದ್ದೆಲ್ಲ, ದಾಕ್ಷೂ?"

"ತುಂಬಿಸಿದ್ದೆ, ಅಪ್ಪಾ."

ಕಳ್ಳ ತಕ್ಕಡಿಯನ್ನು ಮುಟ್ಟಿದೊಡನೆ ಹಿಡಿಯುತ್ತಿದ್ದ ಮನುಷ್ಯ ಕೋಲನ್ನು ಮೊಣಕಾಲುಗಳ ನಡುವೆ ನೆಟ್ಟಗೆ ನಿಲ್ಲಿಸಿಕೊಂಡರು. "ಹಂಗಾದ್ರ ಆತು ಬಿಡವಾ," ಎಂದರು.

ಇಳಿದ ಮೇಲೆ, ಮಗಳು ಗೇಟು ತೆರೆಯಲು ಹೋದಾಗ, ನನ್ನ ಬಾನೆಟ್ಟಿನ ಮೇಲೆ ಹೆಬ್ಬೆರಳಿಟ್ಟು ಗಟ್ಟಿಯಾಗಿ ಒತ್ತಿದರು. ಆಚೀಚೆ ನೋಡಿ ಒತ್ತಿದರು, ಯಾರಿಗೂ ಕಾಣದಂತೆ. ನಾನು ಸಾಚಾ ಎಂಬುದು ಅವರಿಗೆ ತಿಳಿದಿತ್ತು. ಅಣ್ಣನನ್ನು ಅಳೆದ ಸೇರಿನಲ್ಲಿ ಮಗಳನ್ನು ಅಳೆಯಲಾರದೆ ಹೋದರು.

ಈಗ ಗುಜರಿಯ ಬೇಲಿಯ ಪಕ್ಕದಲ್ಲಿದ್ದೇನೆ. ಬ್ಯಾಟರಿ ಕಿತ್ತಿದ್ದಾರೆ, ಪರದೆ ಕಪ್ಪಾಗಿದೆ. ಕಥೆಯ ಸೇರಿಗೆ ಸಮಯಕ್ಕೆ ಬಾಯಿ ಬಂತು. ನನಗೆ ಈಗ ಬಂದಿದೆ. ಚಾವಡಿಯ ಹಿರಿಯರು ಎದ್ದು ಮನೆಗೆ ಹೋಗಿಯಾಗಿದೆ.