ರೋಂಡಾಳ ಕೊನೆಯ ಸ್ನಾನ

ಅಮೆರಿಕದ ಕ್ಲೀವ್‌ಲ್ಯಾಂಡಿನ ಒಂದು ಬಡಾವಣೆಯಲ್ಲಿ ಯಹೂದಿ ಹೆಂಗಸರು ಯಾರೇ ತೀರಿಕೊಳ್ಳಲಿ, ಮೈ ತೊಳೆದು ಬಿಳಿ ಬಟ್ಟೆ ಉಡಿಸಲು ಎಡಿತ್ ಶಪೀರೊ ಮತ್ತು ರೋಂಡಾ ಟೌಬ್ ಜೊತೆಯಾಗಿ ಹೋಗುತ್ತಿದ್ದರು. ಹೆಣದ ಮೇಲೆ ನೀರು ಧಾರೆ ಕಡಿಯದಂತೆ ಬೀಳಬೇಕು. ಒಬ್ಬಳ ಬಕೆಟ್ಟು ಬರಿದಾಗುವ ಮೊದಲೇ ಇನ್ನೊಬ್ಬಳದು ಸುರಿಯತೊಡಗಬೇಕು. ಅವರಿಬ್ಬರಿಗೆ ಅದಕ್ಕಾಗಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವ ಅಗತ್ಯವೂ ಇರಲಿಲ್ಲ.

ಚುನಾವಣೆಯ ಮುಂಚಿನ ಒಂದು ಶನಿವಾರ ಅವರ ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ಧರ್ಮಗುರು ರಬ್ಬಿ ಇಲಾನಾ, ಪರದೇಶಿಯನ್ನು ಪೀಡಿಸಬೇಡಿ, ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ ಎಂಬ ಧರ್ಮಗ್ರಂಥ ತೋರಾದ ಮಾತನ್ನು ಓದಿ, ಗಡಿಯಲ್ಲಿ ಸರ್ಕಾರ ಹಿಡಿದು ಕೂಡಿಹಾಕಿದ ವಲಸಿಗರ ಬಗ್ಗೆ ಉಪದೇಶ ಮಾಡಿದಳು. ರೋಂಡಾ ಎದ್ದು ನಿಂತಳು.

“ಇದು ತೋರಾನೋ, ನಿಮ್ಮ ಪಾರ್ಟಿಯ ಕರಪತ್ರಾನೋ?” ಎಂದಳು.

ಪಕ್ಕದಲ್ಲೇ ಕೂತಿದ್ದ ಎಡಿತ್ ತಲೆ ಎತ್ತದೆ, “ನಿನ್ನ ಪಾರ್ಟಿಗೆ ಚುಚ್ಚಿದ್ರೆ ಅದು ತೋರಾದ ತಪ್ಪಲ್ಲ ಕಣೇ,” ಎಂದಳು. ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ರೋಂಡಾ ಕೈಚೀಲ ಹಿಡಿದು ಹೊರಟುಹೋದಳು.

ಆಮೇಲೆ ಅವಳೂ ಗಂಡ ಮಾರ್ವಿನ್ನನೂ ಬೇರೊಂದು ಸಿನಗಾಗಿಗೆ ಸೇರಿದರು. ಇಸ್ರೇಲಿನ ಪರ ನಿಲ್ಲದವರಿಗೆ ಯಹೂದಿಯಾದವನು ಓಟು ಹಾಕಬಾರದೆಂದು ಅಲ್ಲಿ ಹೇಳುತ್ತಿದ್ದರಂತೆ. ಚುನಾವಣೆ ಮುಗಿಯಲಿ, ಫೋನು ಮಾಡೋಣವೆಂದು ಎಡಿತ್ ಅಂದುಕೊಂಡಿದ್ದಳು. ಚುನಾವಣೆ ಮುಗಿಯಿತು, ರೋಂಡಾಳ ಪಾರ್ಟಿ ಗೆದ್ದಿತು. ಈಗ ಮಾಡಿದರೆ ಗೆದ್ದವರ ಕಾಲಿಗೆ ಬಿದ್ದ ಹಾಗಾಗುತ್ತದೆ ಅನ್ನಿಸಿ ಬಿಟ್ಟಳು.

ಹಿಮ ಬಿದ್ದ ಮೇಲೆ ಒಂದು ಬೆಳಿಗ್ಗೆ, ಹೆಣ ತೊಳೆಯುವವರ ಗುಂಪಿನ ಹಿರಿಯಾಕೆ ಫೋನು ಮಾಡಿ, ಬೇರೆ ಸಿನಗಾಗಿನವರಿಗೆ ಒಂದು ಕೈ ಕಮ್ಮಿ ಬಿದ್ದಿದೆ, ಬರುತ್ತೀಯಾ ಎಂದು ಕೇಳಿದಳು. ಎಡಿತ್ ಒಪ್ಪಿದ ಮೇಲೆ ಹೆಸರು ಹೇಳಿದಳು. ರೋಂಡಾ ಅಡುಗೆಮನೆಯಲ್ಲಿ ನಿಂತಿದ್ದಂತೆಯೇ ಕುಸಿದು ತೀರಿಕೊಂಡಿದ್ದಳಂತೆ. ಎಡಿತ್ ಫೋನು ಕೆಳಗಿಟ್ಟಳು. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಕೋಟು ಹಾಕಿಕೊಂಡಳು.

ಹೆಣದ ಮುಂದೆ ಪ್ರಾರ್ಥನೆಯಲ್ಲದೆ ಬೇರೆ ಮಾತಿಲ್ಲ. ರೋಂಡಾಳ ಉಗುರಿಗೆ ಕೆಂಪು ಬಣ್ಣವಿತ್ತು. ಎಡಿತ್ ಒಂದೊಂದೇ ಬೆರಳು ಹಿಡಿದು ಒರೆಸಿದಳು. ಯಾರದೋ ಬೆರಳಿನಂತಿತ್ತು. ನೀರು ಸುರಿಯುವಾಗ ಎದುರಿಗಿದ್ದ, ಆ ಸಿನಗಾಗಿನ ಸಿಪೋರಾ ಎಂಬಾಕೆ ಕಣ್ಣಲ್ಲೇ ಸನ್ನೆ ಮಾಡಬೇಕಾಯಿತು. ಧಾರೆ ಕಡಿಯಲಿಲ್ಲ. ಕೊನೆಗೆ ಎಲ್ಲರೂ ರೋಂಡಾಳ ಹೀಬ್ರೂ ಹೆಸರು ಹಿಡಿದು, ನಿನ್ನ ಮರ್ಯಾದೆಗೆ ನಮ್ಮಿಂದ ಕುಂದು ಬಂದಿದ್ದರೆ ಕ್ಷಮಿಸು ಎಂದು ಕೇಳಿಕೊಂಡರು. ಎಡಿತ್‌ಳ ಬಾಯಿಯೂ ಹೇಳಿತು. ಆ ಮಾತು ಸ್ನಾನಕ್ಕಷ್ಟೇ ಸಂಬಂಧಪಟ್ಟದ್ದೋ, ಹಿಂದಿನದಕ್ಕೂ ಸಲ್ಲುತ್ತದೋ ಅವಳಿಗೆ ತಿಳಿಯಲಿಲ್ಲ.

ಹೊರಗೆ ಕಾರಿನ ಹತ್ತಿರ ಸಿಪೋರಾ, “ನೀವು ಆ ರಬ್ಬಿಯ ಕಡೆಯವರಲ್ವಾ? ಒಂದು ಮಾತು ಕೇಳ್ಲಾ?” ಎಂದಳು.

“ಇವತ್ತು ಬೇಡಮ್ಮ,” ಎಂದಳು ಎಡಿತ್.

ಸೂತಕದ ವಾರವೆಲ್ಲ ಎಡಿತ್ ಮಾರ್ವಿನ್ನನ ಮನೆಗೆ ಹೋಗಿ, ಬಂದವರಿಗೆ ಕಾಫಿ ಕೊಟ್ಟು, ತಟ್ಟೆ ತೊಳೆದು ಬರುತ್ತಿದ್ದಳು. ಎರಡೂ ಸಿನಗಾಗಿನವರು ಬಂದರು. ಒಬ್ಬರು ಕೂತ ಸೋಫಾದ ಕಡೆಗೆ ಇನ್ನೊಬ್ಬರು ಸುಳಿಯಲಿಲ್ಲ. ಸೂತಕ ಕಳೆದ ಬೆಳಿಗ್ಗೆ ಸಂಪ್ರದಾಯದಂತೆ ಮಾರ್ವಿನ್ ಮನೆಯಿಂದಾಚೆ ಬಂದು ಬೀದಿ ಸುತ್ತಬೇಕಿತ್ತು. ಎಡಿತ್ ಜೊತೆಗೆ ಹೊರಟಳು. ಕೆಲವು ಅಂಗಳಗಳಲ್ಲಿ ಇನ್ನೂ ಎರಡೂ ಪಾರ್ಟಿಯ ಫಲಕಗಳು ಅರ್ಧ ಹಿಮದಲ್ಲಿ ಹೂತು ನಿಂತಿದ್ದವು.

ತಿರುವಿನಲ್ಲಿ ಎಡಿತ್, “ಅವತ್ತಿನ ವಿಷಯ ಏನಾದ್ರೂ ಅಂತಿದ್ಲಾ?” ಎಂದು ಕೇಳಿದಳು.

“ತಾನೇ ಸರಿ ಅಂತಿದ್ಲು,” ಎಂದ ಮಾರ್ವಿನ್. “ಕೊನೇವರೆಗೂ.”

“ನಾನೂ ಹಾಗೇ ಅಂತೀನಿ.”

“ಗೊತ್ತು.” ಸ್ವಲ್ಪ ದೂರ ನಡೆದ ಮೇಲೆ ಅವನು, “ಅವಳಿಗೆ ಬೇಜಾರಾಗಿದ್ದು ಜನ ನಕ್ಕಿದ್ದಕ್ಕೆ, ಎಡಿತ್,” ಎಂದ.

ಮುಂದೆ ನೆಲ ಜಾರುತ್ತಿತ್ತು. ಎಡಿತ್ ಅವನ ತೋಳು ಹಿಡಿದುಕೊಂಡಳು. ಇಬ್ಬರೂ ಸುತ್ತು ಮುಗಿಸಿ ಮನೆಯ ಕಡೆ ತಿರುಗಿದರು.